ಮೂರು ಡಿಸ್ಕಿಗೂ ವಿಭೂತಿ

ನರೋಣಾ ಬಸ್‌ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿ ನನ್ನದು. ಕಂಪ್ಯೂಟರ್ ರಿಪೇರಿಯೂ ಅಲ್ಲೇ. "ಎಲ್ಲಾದಕ್ಕೂ ಎರಡು ಕಾಪಿ ಇಟ್ಕೋರಿ" ಎಂದು ಊರಿಗೆಲ್ಲ ಬುದ್ಧಿ ಹೇಳುವ ನಾನು, ಅವ್ವನ ಹಾಡುಗಳನ್ನು ಮಾತ್ರ ಒಂದೇ ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದೆ. ಮೊಬೈಲಿನಲ್ಲಿದ್ದವನ್ನು ಜಾಗ ಸಾಲದೆಂದು ನಾನೇ ಅಳಿಸಿದ್ದೆ.

ಅವ್ವ ಸುಭದ್ರಾಬಾಯಿ ಹನ್ನೊಂದು ವರ್ಷ ಭಜನೆಯಲ್ಲಿ ಹಾಡಿದ್ದೆಲ್ಲ ಅದರಲ್ಲಿತ್ತು. ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ಅವಳ ದನಿ ಹೋಯಿತು. ಅಂದಿನಿಂದ ಪ್ರತಿ ಸೋಮವಾರ ಅಂಗಡಿಗೆ ಬಂದು, ತನ್ನ ದನಿಯನ್ನು ತಾನೇ ಕೇಳುತ್ತ, ಬರೀ ತುಟಿ ಆಡಿಸುತ್ತಾಳೆ.

ಹೋದ ತಿಂಗಳು ಕಂಪ್ಯೂಟರ್ ಎರಡು ಸಲ ತಾನೇ ಬಂದ್ ಬಿತ್ತು. ಹೆದರಿ, ಹಳೆಯದರಂಥವೇ ಎರಡು ಡಿಸ್ಕ್ ಕಲಬುರಗಿಯಿಂದ ತಂದೆ. ಹೊಸದಾಗಿ ಸಿಸ್ಟಮ್ ಹಾಕುವಾಗ ಅವೆರಡನ್ನೂ ಮಿರರ್ ಮಾಡಿದರೆ ಒಂದರಲ್ಲಿದ್ದದ್ದು ಇನ್ನೊಂದರಲ್ಲೂ ಇರುತ್ತದೆ. ಒಂದು ಕೆಟ್ಟರೂ ಹಾಡು ಉಳಿಯುತ್ತದೆ.

ಇವತ್ತು ಬೆಳಿಗ್ಗೆ ಹಳೆಯದನ್ನು ಬಿಚ್ಚಿ ಮೇಜಿನ ಎಡಕ್ಕೂ ಹೊಸ ಎರಡನ್ನು ಬಲಕ್ಕೂ ಇಟ್ಟು, ಗುರುತಿಗೆ ಹಳೆಯದರ ಮೇಲೆ ವಿಭೂತಿಯ ಗೆರೆ ಎಳೆದೆ. ಪೆನ್ನು ಹುಡುಕುವ ಸೋಮಾರಿತನ.

"ಗುರುಶಾಂತಪ್ಪಾ, ಆಧಾರ ಝೆರಾಕ್ಸ್ ಜಲ್ದಿ ಕೊಡು, ಬಸ್ ನಿಂತದ" ಎಂದು ಖಾದರಸಾಬ ಕೂಗಿದ. ಕೊಟ್ಟು ಬರುವಷ್ಟರಲ್ಲಿ ಅವ್ವ ಬಂದಿದ್ದಳು. ಒಂದಕ್ಕೆ ಹಚ್ಚಿ ಎರಡನ್ನು ಬಿಟ್ಟಿದ್ದಾನಲ್ಲ ಮಗ ಎಂದುಕೊಂಡಳೋ ಏನೋ, ಮೂರಕ್ಕೂ ಮೂರು ಬೆರಳಿನ ವಿಭೂತಿ ಎಳೆದು, ಒಂದೊಂದನ್ನೇ ಎತ್ತಿ ಕಣ್ಣಿಗೊತ್ತಿಕೊಂಡು ಇಡುತ್ತಿದ್ದಳು. ನಾನು ನಕ್ಕೆ. ಬಲಗಡೆಯ ಎರಡನ್ನು ಎತ್ತಿ ಜೋಡಿಸಿದೆ. ಡಿಸ್ಕಿನ ಮೇಲಿನ ಸೀರಿಯಲ್ ನಂಬರು ನೋಡಲಿಲ್ಲ.

ಒಂದು ಡಿಸ್ಕಿನಲ್ಲಿ ಹಳೆಯದೇನೋ ಇದೆ, ಅಳಿಸಲೇ ಎಂದು ಕಂಪ್ಯೂಟರ್ ಕೇಳಿತು.

"ಬಳಸಿದ್ದನ್ನ ಹೊಸಾದಂತ ದಬ್ಬ್ಯಾನ ನೋಡು, ಕಳ್ಳ ಸೂಳೇಮಗ" ಎಂದು ಕಲಬುರಗಿಯ ಅಂಗಡಿಯವನನ್ನು ಬೈದು, ಹೂಂ ಒತ್ತಿದೆ.

ಅವ್ವ ಮನೆಗೆ ಹೋಗಿ ಸಂಜೆ ಮತ್ತೆ ಬರುವಷ್ಟರಲ್ಲಿ ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ನಕಲು ನೂರಕ್ಕೆ ನೂರು ಮುಗಿದಿತ್ತು. ಹಾಡು ಇಳಿಸಲೆಂದು, ಹಳೆಯದೆಂದುಕೊಂಡು ಉಳಿದ ಡಿಸ್ಕನ್ನು ಹಚ್ಚಿದೆ. ಖಾಲಿ. ಹೊಚ್ಚ ಹೊಸದು. ಆಗ ನಂಬರು ನೋಡಿದೆ. ಅವ್ವ ಎತ್ತಿಡುವಾಗ ಹಳೆಯದು ಬಲಕ್ಕೆ ಹೋಗಿತ್ತು. ಅಟ್ಟ ಮೇಲೆ ಒಲೆ ಉರೀತು, ಕೆಟ್ಟ ಮೇಲೆ ಬುದ್ಧಿ ಬಂತು.

ಬರೀ ಅಳಿಸಿದ್ದರೆ ಕೆದಕಿ ತೆಗೆಯಬಹುದಿತ್ತು. ಈಗ ಹಳೆಯದರ ಮೂಲೆಮೂಲೆಗೂ ಹೊಸದರ ಖಾಲಿತನವೇ ಬರೆದುಕೊಂಡಿದೆ. ಅವಳ ದನಿ ಎರಡನೇ ಸಲ ಹೋಯಿತು, ಈ ಸಲ ನನ್ನ ಕೈಯಿಂದ. ಆ ಕಳ್ಳ ನಾನೇ.

ಅವ್ವ ಸ್ಟೂಲಿನ ಮೇಲೆ ಕೂತು, ಸೆರಗು ಸರಿಮಾಡಿಕೊಂಡು, ಸ್ಪೀಕರಿನ ಕಡೆ ಕೈ ತೋರಿಸಿದಳು. ಇವತ್ತು ಸೋಮವಾರ.

"ಸ್ಪೀಕರ್ ಕೆಟ್ಟದ ಯವ್ವಾ. ಮುಂದಿನ ಸೋಮವಾರ ಹಚ್ಚತೇನಿ."

ಅವಳು ನಂಬಿದಳು. ಎದ್ದು, ವಿಭೂತಿ ಗಟ್ಟಿಗೆ ಬೆರಳು ಉಜ್ಜಿ, ಸ್ಪೀಕರಿಗೂ ಮೂರು ಗೆರೆ ಎಳೆದಳು.