ನಾಲ್ಕು ಉತ್ತರ

"ನಿನ್ನ ಹೆಸರೇನವಾ?"

"ಐಶ್ವರ್ಯಾ."

"ಅಪ್ಪನ ಹೆಸರು?"

"ಸಿದ್ದಲಿಂಗ."

"ಯಾವೂರು?"

"ತೇರಗಾಂವ."

ಡಾಕ್ಟರು ಐದು ಬೆರಳು ಬಿಡಿಸಿ ಹಿಡಿದರು. "ಇವು ಎಷ್ಟು?"

"ಐದು."

ಸುನಂದಾ ಕುಣಿಯುವುದೊಂದು ಬಾಕಿ. ಒಂಬತ್ತು ವರ್ಷದ ಮಗಳು ಒಂದೂ ತಪ್ಪಿರಲಿಲ್ಲ. ಐಶ್ವರ್ಯಾ ಅಂಗೈ ಚಾಚಿ ಅವ್ವನ ಮುಖ ನೋಡಿದಳು. ಸುನಂದಾ "ಆಮ್ಯಾಲೆ" ಎಂದು ಕಣ್ಣಲ್ಲೇ ಗದರಿಸಿದಳು. ಹುಡುಗಿ ಮತ್ತೆ ಐದು ತೋರಿಸುತ್ತಿದ್ದಾಳೆಂದು ತಿಳಿದು ಡಾಕ್ಟರು ನಕ್ಕರು. ಫಾರ್ಮಿನಲ್ಲಿ ಏನೋ ಗೀಚಿ, ಪಕ್ಕಕ್ಕೆ ಸರಿಸಿ, ಮುಂದಿನವರನ್ನು ಕರೆದರು.

ಹಳಿಯಾಳದ ಆ ತಪಾಸಣೆ ಶಿಬಿರಕ್ಕೆ ಇವರನ್ನು ಕರೆಸಿದ್ದವಳು ರೀನಾ ಟೀಚರ್. ಬುದ್ಧಿ ಬೆಳವಣಿಗೆ ನಿಧಾನವಿರುವ ಮಕ್ಕಳ ಮನೆಮನೆಗೆ ಸ್ಕೂಟರಿನಲ್ಲಿ ಅಲೆಯುವುದೇ ಅವಳ ಕೆಲಸ. ಫಾರ್ಮು ನೋಡಿದವಳೇ ಸುನಂದಾಳ ಮೊಣಕೈ ಹಿಡಿದು ಹೊರಗೆ ವರಾಂಡಕ್ಕೆ ಎಳೆತಂದಳು.

"ಇಪ್ಪತ್ತೈದು ಬರದಾರ ಅಕ್ಕಾ."

"ಪಾಸಾದಳಲ್ರಿ ಹಂಗಾದ್ರ?"

"ಎಲ್ಲೀ ಪಾಸು! ತೊಂದರೆ ನೂರಕ್ಕ ಎಷ್ಟೈತಿ ಅಂತ ಬರಿಯೂ ನಂಬರದು. ನಲವತ್ತರ ಕೆಳಗ ಬಂದ್ರ ಅಂಬೇವಾಡಿಯ ಇಂಥಾ ಮಕ್ಕಳ ಸಾಲಿಯೊಳಗ ತೊಗೊಳ್ಳೂದಿಲ್ಲ. ಉಳದಿದ್ದು ಒಂದ ಸೀಟು. ಇವತ್ತ ಸಂಜೀಕ ಪಟ್ಟಿ ಹೋಗತೈತಿ." ರೀನಾ ದನಿ ತಗ್ಗಿಸಿದಳು. "ಹೆಂಗದಾಳೋ ಹಂಗ ಕರಕೊಂಡು ಬರ್ರಿ ಅಂದಿದ್ದೆ. ಏನರ ಹೇಳಿಕೊಟ್ಟೀರೇನು?"

ಸುನಂದಾ ಸೆರಗಿನ ಗಂಟು ತಿರುವುತ್ತ ನಿಂತಳು.

ಹೇಳಿಕೊಟ್ಟಿದ್ದಳು. ಒಂದು ದಿನವಲ್ಲ, ಎರಡು ವರ್ಷ. ಪೇಟೆಯ ಒಂದು ಶಾಲೆಯಲ್ಲಿ ಹೆಸರು ಕೇಳಿದಾಗ ಹುಡುಗಿ ಗೋಡೆ ನೋಡುತ್ತ ಕೂತು, ಅವರು ಅರ್ಜಿ ಮಡಚಿ ವಾಪಸು ಕೊಟ್ಟ ಮರುದಿನವೇ ಪಾಠ ಶುರುವಾಗಿತ್ತು. ನಸುಕಿನಲ್ಲಿ ರೊಟ್ಟಿ ಬಡಿಯುವಾಗ ಮಗಳನ್ನು ಹಿಟ್ಟು ನಾದುವ ಕೊಣಮಿಗೆಯ ಎದುರು ಕೂರಿಸಿಕೊಳ್ಳುವುದು. ಹಿಟ್ಟಿನ ಮೇಲೆ ಅಂಗೈಯಿಂದ ಒಂದು ಬಡಿತ, ಒಂದು ಪ್ರಶ್ನೆ. ನಾಲ್ಕೂ ಸರಿ ಹೇಳಿದರೆ ಬೆಲ್ಲದ ಚೂರು. ಹಾಗೇ ಕರೆದುಕೊಂಡು ಬನ್ನಿ ಎಂದು ಟೀಚರು ಹೇಳಿದಾಗ ಸುನಂದಾ ತಲೆಯಾಡಿಸಿದ್ದಳು, ಒಳಗೊಳಗೇ ನಕ್ಕಿದ್ದಳು ಕೂಡ. ತನ್ನ ಹೆಸರೇ ಹೇಳದ ಮಗುವನ್ನು ಯಾವ ಶಾಲೆ ಸೇರಿಸಿಕೊಂಡೀತು! ಶಾಲೆಯವರ ಬುದ್ಧಿ ಅವಳಿಗೆ ಗೊತ್ತಿಲ್ಲವೇ?

ಸೀಟು ಸಿಗದಿದ್ದರೆ ಮತ್ತೆ ಅದೇ ಚಿಲಕ. ಹೋದ ಕಬ್ಬಿನ ಹಂಗಾಮಿನಲ್ಲಿ ಹುಡುಗಿ, ಹಾಜರಿಗಷ್ಟೇ ಕೂರಿಸಿಕೊಂಡಿದ್ದ ಊರ ಶಾಲೆಯಿಂದ ಯಾರಿಗೂ ತಿಳಿಯದಂತೆ ಎದ್ದುಬಂದು, ಲಾರಿಗಳು ಓಡಾಡುವ ರಸ್ತೆಯ ನಟ್ಟನಡುವೆ ಕೂತಿದ್ದಳು. ಅಂದಿನಿಂದ ಸುನಂದಾ ಹೊಲಕ್ಕೆ ಹೋಗುವಾಗ ಮಗಳನ್ನು ಮನೆಯೊಳಗೆ ಬಿಟ್ಟು, ಹೊರಗಿನಿಂದ ಚಿಲಕ ಹಾಕಿ ಹೋಗುತ್ತಾಳೆ. ಓಣಿಯ ತಿರುವಿನತನಕ ಬಾಗಿಲು ಬಡಿಯುವ ಸದ್ದು ಕೇಳುತ್ತದೆ. ಎಷ್ಟೋ ದಿನ ಅವಳಿಗೆ ಬುತ್ತಿ ಬಿಚ್ಚಲೂ ಮನಸ್ಸಾಗುವುದಿಲ್ಲ.

"ಬರ್ರಿ, ಒಳಗ ಹೋಗೂಣು" ಎಂದಳು ಸುನಂದಾ.

ಡಾಕ್ಟರು ಇನ್ನೂ ಊಟ ಮಾಡಿರಲಿಲ್ಲ. ಸರತಿ ಬಾಗಿಲಾಚೆಗೂ ಬೆಳೆದಿತ್ತು.

"ಚೊಲೊ ಉತ್ತರ ಹೇಳಿದಾಳಲ್ಲವಾ. ಖುಷಿ ಪಡ್ರಿ."

"ನಾನ ಕಲಿಸೇನ್ರಿ ಸಾಹೇಬ್ರ. ಆಕೀಗೆ ಅವು ತಿಳಿಯೂದಿಲ್ಲ. ಊರು ಮೊದಲ ಕೇಳ್ರಿ, ನೋಡ್ರಿ ಬೇಕಾರ."

ಅವರು ಬೇಸರದಿಂದಲೇ ಹುಡುಗಿಯತ್ತ ತಿರುಗಿದರು. "ಯಾವೂರವಾ?"

"ಐಶ್ವರ್ಯಾ."

"ಮುಂಜಾನೆ ಏನು ತಿಂದಿ?"

"ಸಿದ್ದಲಿಂಗ."

ಸರತಿಯಲ್ಲಿ ಯಾರೋ ಕಿಸಕ್ಕೆಂದರು. ಸುನಂದಾಳ ಕಿವಿ ಬಿಸಿಯಾದವು. ಡಾಕ್ಟರು ಮಾತ್ರ ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹೊರಗ ಹೋಗಿ ಹಿಂಗ ಹೇಳು ಅಂತ ಕಲಿಸಿಕೊಂಡು ಬಂದ್ರೇನು? ಸರ್ಟಿಫಿಕೇಟ್ ಸಲುವಾಗಿ ಮಕ್ಕಳ ಬಾಯಿ ಕಟ್ಟಿಸಿ ತರೂ ಮಂದೀನ್ನ ದಿನಾ ನೋಡ್ತೇನಿ ನಾ."

"ಸರ್, ಆ ಹುಡುಗಿ ನನಗ ಗೊತ್ತು—" ಎಂದು ರೀನಾ ಬಾಯಿ ಹಾಕಿದಳು. ಡಾಕ್ಟರು ಕೈಯೆತ್ತಿ ತಡೆದರು. "ಮುಂದಿನವರು ಬರ್ರಿ."

ಮುಂದಿನವರು ಕುರ್ಚಿಯಿಂದ ಎದ್ದೂ ಆಗಿತ್ತು.  ಸುನಂದಾ ಮೇಜಿನ ಅಂಚಿಗಿದ್ದ ಕಾಗದಗಳನ್ನು ಸರಿಸಿ ಅಂಗೈಯಗಲ ಜಾಗ ಮಾಡಿದಳು. ಮಗಳ ಎದುರು ಬಾಗಿ, ರೊಟ್ಟಿ ಬಡಿಯುವ ಹಾಗೆ ಒಮ್ಮೆ ಬಡಿದಳು. ಪ್ರಶ್ನೆ ಕೇಳಲೇ ಇಲ್ಲ.

ಐಶ್ವರ್ಯಾಳ ಬೆನ್ನು ನೆಟ್ಟಗಾಯಿತು. "ಐಶ್ವರ್ಯಾ."

ಇನ್ನೊಂದು ಬಡಿತ.

"ಸಿದ್ದಲಿಂಗ."

ಮತ್ತೊಂದು.

"ತೇರಗಾಂವ."

ನಾಲ್ಕನೆಯ ಸಲ ಬಡಿಯಲು ಸುನಂದಾಳ ಕೈ ಏಳಲೊಲ್ಲದು. ಎರಡು ವರ್ಷ ಹಟ ಹಿಡಿದು ಕಟ್ಟಿದ್ದನ್ನು ಹತ್ತು ಮಂದಿಯ ಎದುರು ತಾನೇ ಕೆಡವುತ್ತಿದ್ದಳು. ಬಾಗಿಲು ಬಡಿಯುವ ಸದ್ದು ನೆನಪಾಯಿತು. ಬಡಿದಳು.

"ಐದು" ಎಂದಳು ಐಶ್ವರ್ಯಾ. ಯಾರೂ ಬೆರಳು ತೋರಿಸಿರಲಿಲ್ಲ.

ಈ ಸಲ ಸರತಿಯಲ್ಲಿ ಯಾರೂ ನಗಲಿಲ್ಲ. ಡಾಕ್ಟರು ಕನ್ನಡಕ ಹಾಕಿಕೊಂಡು, ಮೊದಲಿನ ಫಾರ್ಮನ್ನು ಅಡ್ಡಕ್ಕೆ ಹರಿದು ಹೊಸದೊಂದು ತೆಗೆದರು. ಚಿತ್ರದ ಕಾರ್ಡು, ಬಣ್ಣದ ಮಣಿಗಳ ಡಬ್ಬಿ ತರಿಸಿದರು. "ಎಲ್ಲಾರೂ ಸ್ವಲ್ಪ ಹೊರಗ ನಿಂದರ್ರಿ. ತಾಯಿನೂ ಸಹಿತ."

ಮುಕ್ಕಾಲು ತಾಸು ಸುನಂದಾ ಮುಚ್ಚಿದ ಬಾಗಿಲ ಹೊರಗೆ ನಿಂತಳು. ಒಳಗಿನಿಂದ ಮಣಿಗಳು ಚೆಲ್ಲಿದ ಸದ್ದು ಕೇಳಿತು. ಆಮೇಲೆ ಏನೂ ಇಲ್ಲ. ನಾಲ್ಕೂವರೆಗೆ ಬಾಗಿಲು ತೆರೆಯಿತು.

"ಐವತ್ತು" ಎಂದರು ಡಾಕ್ಟರು, ಸುನಂದಾಳ ಮುಖ ನೋಡದೆ. ರೀನಾ ಕಾಗದ ಕಸಿದುಕೊಂಡಂತೆ ತೆಗೆದುಕೊಂಡು, "ಸೀಟು ನಮ್ದ ಅಕ್ಕಾ!" ಎನ್ನುತ್ತ ಸ್ಕೂಟರಿನತ್ತ ಓಡಿದಳು.

ಐಶ್ವರ್ಯಾ ಹೊರಗೆ ಬಂದು ಅವ್ವನೆದುರು ಅಂಗೈ ಚಾಚಿ ನಿಂತಳು. ನಾಲ್ಕೂ ಸರಿ ಹೇಳಿದ್ದಳು, ಅದೂ ಎರಡೆರಡು ಸಲ. ಸುನಂದಾ ಸೆರಗಿನ ಗಂಟು ಬಿಚ್ಚಲು ಹೋದಳು. ಬೆಳಿಗ್ಗೆಯಿಂದ ತಿರುವಿ ತಿರುವಿ ಅದು ಬಿಗಿದುಹೋಗಿತ್ತು. ಹಲ್ಲಿನಿಂದ ಕಚ್ಚಿ ಎಳೆದಳು. ಬೆವರಿಗೆ ಕರಗಿ ಬಟ್ಟೆಗೆ ಅಂಟಿದ್ದ ಬೆಲ್ಲವನ್ನು ಉಗುರಿನಿಂದ ಒಂದಿಷ್ಟೂ ಬಿಡದೆ ಕೆರೆದು ತೆಗೆದು, ಚಾಚಿದ ಆ ಅಂಗೈ ಮೇಲೆ ಇಟ್ಟಳು.