ಹದಿನೇಳನೇ ನಂಬರಿನ ಕೇಕು

ಊರಿನ ಹೂವು, ತರಕಾರಿ, ಮನೆ ಬೇಕಿಂಗ್ ಪ್ರದರ್ಶನದಲ್ಲಿ ಕೇಕುಗಳ ತೀರ್ಪು ಎಂದರೆ ಟೀಚರಮ್ಮನದು. ಶಾಲೆಯಲ್ಲಿ ಗೃಹವಿಜ್ಞಾನ ಕಲಿಸಿ ನಿವೃತ್ತರಾದ ಅವರು ಹತ್ತೊಂಬತ್ತು ವರ್ಷಗಳಿಂದ ಆ ಮೇಜಿನ ಯಜಮಾನಿ. ಒಂದು ಚೂರು ಬಾಯಿಗಿಟ್ಟು ಕಣ್ಣು ಮುಚ್ಚಿದರೆ ಸಾಕು, ಬೆಣ್ಣೆ ಹಳತೋ ಹೊಸತೋ, ಮೊಟ್ಟೆ ಎಷ್ಟು ಹೊತ್ತು ಕಡೆದದ್ದು, ಎಲ್ಲ ಹೇಳಿಬಿಡುತ್ತಿದ್ದರು. ಆ ನಾಲಿಗೆಗೆ ಹೆದರದ ಹೆಂಗಸರೇ ಊರಲ್ಲಿರಲಿಲ್ಲ.

ಆ ನಾಲಿಗೆ ನಾಲ್ಕು ತಿಂಗಳ ಹಿಂದೆ ಸತ್ತಿತ್ತು. ಒಂದು ವಾರ ಕಾಡಿದ ಜ್ವರ ಹೋಗುವಾಗ ರುಚಿ, ವಾಸನೆ ಎರಡನ್ನೂ ಕರೆದುಕೊಂಡೇ ಹೋಗಿತ್ತು. ಕಾಫಿ ಬರೀ ಬಿಸಿನೀರು, ಬ್ರೆಡ್ಡು ಒದ್ದೆ ಕಾಗದ. ಟೀಚರಮ್ಮ ಇದನ್ನು ಮಗನಿಗೂ ಹೇಳಲಿಲ್ಲ, ಸೊಸೆಗಂತೂ ಮೊದಲೇ ಇಲ್ಲ. ಹನ್ನೆರಡು ವರ್ಷ ಅವಳ ಅಡುಗೆಗೆ ಮೂಗು ಮುರಿದುಕೊಂಡೇ ಉಂಡವರು ಈಗ ಯಾವ ಬಾಯಲ್ಲಿ ಹೇಳುವುದು? ತಟ್ಟೆ ಮುಂದೆ ಬಂದಾಗ ಅಭ್ಯಾಸಬಲದಿಂದ ಏನಾದರೊಂದು ಕೊಂಕು ತೆಗೆದು ಊಟ ಮುಗಿಸುತ್ತಿದ್ದರು.

ಪ್ರದರ್ಶನದ ದಿನ ಪುರಭವನದ ತುಂಬ ಡೇಲಿಯಾ, ಗುಲಾಬಿ, ಮಂಡಿಯೆತ್ತರದ ಕುಂಬಳಕಾಯಿ. ಕೊನೆಯ ಮೇಜಿನ ಮೇಲೆ ಇಪ್ಪತ್ತೆರಡು ಕೇಕು. ಹೆಸರಿಲ್ಲ, ಬರೀ ನಂಬರು. ಟೀಚರಮ್ಮ ಎಂದಿನಂತೆ ಚೂರು ಮುರಿದು ಬಾಯಿಗಿಟ್ಟರು, ಕಣ್ಣು ಮುಚ್ಚಿದರು, ತಲೆಯಾಡಿಸಿದರು. ಬಣ್ಣ, ಉಬ್ಬು, ಬೆರಳಿಗೆ ಸಿಗುವ ಮೆದು ನೋಡಿಕೊಂಡು ಅಂಕ ಹಾಕುತ್ತಾ ಹೋದರು.

ಹದಿನೇಳನೇ ನಂಬರಿನ ಮುಂದೆ ನಿಂತರು. ಕೇಕಿನ ಒಂದು ಬದಿ ಸಣ್ಣಗೆ ಒಳಸರಿದಿತ್ತು. ಆ ತಗ್ಗು ಅವರಿಗೆ ಗೊತ್ತು. ತಮ್ಮದೇ ಮನೆಯ ನೆಗ್ಗಿದ ಬೇಕಿಂಗ್ ಟಿನ್ನಿನದು. ಸೊಸೆ ಪ್ರತಿವರ್ಷವೂ ಸ್ಪರ್ಧೆಗೆ ಇಡುತ್ತಿದ್ದಳು. ಇವರು ಪ್ರತಿವರ್ಷವೂ ಗುರುತು ಹಿಡಿದು, ಮನೆಯವಳಿಗೆ ಕೊಟ್ಟರೆ ಜನ ಆಡಿಕೊಳ್ಳುತ್ತಾರೆಂದು ಮುಂದೆ ಸಾಗುತ್ತಿದ್ದರು. ಎರಡು ಸಲವಂತೂ ಇಡೀ ಮೇಜಿಗೆ ಅವಳದೇ ಮೇಲಾಗಿತ್ತು. ಅದನ್ನು ಅವರು ತಮಗೆ ತಾವೂ ಒಪ್ಪಿಕೊಂಡವರಲ್ಲ. ಇವತ್ತೂ ನೋಡಲು ಎಲ್ಲಕ್ಕಿಂತ ಅದೇ ಚೆಂದವಾಗಿತ್ತು. ತನ್ನ ತೀರ್ಪುಗಾರಿಕೆ ಹೇಗೂ ಮುಗಿಯಿತು, ಇದೊಂದನ್ನಾದರೂ ಸರಿಮಾಡಿ ಹೋಗೋಣ ಎನ್ನಿಸಿತು. ಚೂರು ತಿಂದ ಶಾಸ್ತ್ರ ಮಾಡಿ, ಮೊದಲ ಬಹುಮಾನದ ಚೀಟಿ ಇಟ್ಟರು.

ಗೆದ್ದ ಕೇಕನ್ನು ಅಲ್ಲೇ ಕತ್ತರಿಸಿ ಹಂಚುವುದು ವಾಡಿಕೆ. ಸಮಿತಿಯ ಅಧ್ಯಕ್ಷರಾಗಿದ್ದ ಬೀಜದಂಗಡಿಯ ಮಾಲೀಕರು ದೊಡ್ಡ ತುಂಡನ್ನೇ ಬಾಯಿಗೆ ಹಾಕಿಕೊಂಡರು. ಎರಡು ಸಲ ಅಗಿದವರು ಕರವಸ್ತ್ರಕ್ಕೆ ಉಗಿದು ಕೆಮ್ಮತೊಡಗಿದರು.

"ಟೀಚರಮ್ಮ, ಇದೇನಿದು? ಬಾಯಿಗಿಡೋ ಹಾಗಿಲ್ಲ, ಅಷ್ಟು ಉಪ್ಪು!"

ಇನ್ನಿಬ್ಬರು ತಿಂದು ನೋಡಿ ಮುಖ ಕಿವುಚಿದರು. ಯಾರೋ ಕಿಸಕ್ಕೆಂದರು. ಹೂವಿನ ಮೇಜಿನ ಕಡೆಯವರೂ ಬಂದು ಸುತ್ತುಗಟ್ಟಿದರು.

"ತಿಂದು ನೋಡೇ ಕೊಟ್ರಾ?" ಅಧ್ಯಕ್ಷರು ದನಿ ತಗ್ಗಿಸಿ ಕೇಳಿದರು.

ಟೀಚರಮ್ಮ ನಿಂತಲ್ಲೇ ಕುಗ್ಗಿಹೋದರು. ಗುಂಪಿನಲ್ಲಿ ಸೊಸೆಯ ಮುಖ ಹುಡುಕಿದರು. ಅವಳು ಬಾಗಿಲ ಬಳಿ ಇದ್ದಳು. ಎಲ್ಲರೂ ಬೆರಗಾಗಿದ್ದರು, ಅವಳೊಬ್ಬಳನ್ನು ಬಿಟ್ಟು.

ಇಬ್ಬರೂ ಒಟ್ಟಿಗೇ ಮನೆಗೆ ನಡೆದು ಹೊರಟರು.

"ಬೇಕಂತಲೇ ಮಾಡಿದ್ಯಾ?" ಅರ್ಧ ದಾರಿಯಲ್ಲಿ ಟೀಚರಮ್ಮ ಕೇಳಿದರು.

"ಹೂಂ ಅತ್ತೆ. ನೋಡೋಕೆ ಚೆನ್ನಾಗಿ ಬರೋ ಹಾಗೆ ಜೋಪಾನವಾಗಿ ಮಾಡ್ದೆ."

"ನಿಂಗೆ ಯಾವಾಗ ಗೊತ್ತಾಯ್ತು?"

"ಹೋದ ತಿಂಗಳು. ಸೂಪಿಗೆ ಉಪ್ಪು ಹಾಕೋದೇ ಮರ್ತಿದ್ದೆ. ನೀವು ಒಂದು ಗುಟುಕು ಕುಡಿದು, ಉಪ್ಪು ಸುರಿದಿದ್ದೀಯಾ, ಕೈಗೆ ಹಿಡಿತ ಇಲ್ಲ ಅಂದ್ರಿ." ಸೊಸೆ ದನಿ ಏರಿಸಿದಳು. "ರುಚಿನೇ ಗೊತ್ತಾಗದೆ ಬೈಯೋಕಾಗುತ್ತೆ ಅಂದ್ರೆ, ಈ ಹನ್ನೆರಡು ವರ್ಷ ನೀವು ಬೈದದ್ದು ಯಾವುದನ್ನ? ಅಡುಗೆನಾ, ನನ್ನನ್ನಾ?"

ಟೀಚರಮ್ಮ ಅವಳತ್ತ ತಿರುಗಿದರು. "ಅದು ನಿನ್ನ ಕೇಕು ಅಂತ ಗೊತ್ತಿದ್ದೇ ಕೊಟ್ಟೆ ಕಣೇ. ಈ ಸಲನಾದ್ರೂ ನಿಂಗೆ ಸಿಗಲಿ ಅಂತ."

ಸೊಸೆ ಗಕ್ಕನೆ ನಿಂತಳು. ಒಂದು ಗಳಿಗೆ ನಂಬಿದಂತೆಯೇ ಕಂಡಳು. ಆಮೇಲೆ ನಕ್ಕಳು.

"ಚೆನ್ನಾಗಿ ಮಾಡಿದಾಗ ಕೊಡಲಿಲ್ಲ, ಹಾಳು ಮಾಡಿ ತಂದಾಗ ಕೊಟ್ರಾ? ಇದನ್ನ ಯಾರ ಹತ್ರಾನೂ ಹೇಳ್ಬೇಡಿ ಅತ್ತೆ, ಇನ್ನೂ ನಗ್ತಾರೆ."

ಮರುವಾರ ಸಮಿತಿಯಿಂದ ಪತ್ರ ಬಂತು: ಇಷ್ಟು ವರ್ಷಗಳ ಸೇವೆಗೆ ವಂದನೆ, ಇನ್ನು ವಿಶ್ರಾಂತಿ ತೆಗೆದುಕೊಳ್ಳಿ. ಡಾಕ್ಟರು ಪರೀಕ್ಷೆ ಮಾಡಿ, ಹೋದ ರುಚಿ ಮತ್ತೆ ಬರುವುದು ಕಷ್ಟ ಎಂದರು. ಮಗ ಅಮ್ಮನ ಮೇಲೊಮ್ಮೆ, ಹೆಂಡತಿಯ ಮೇಲೊಮ್ಮೆ ರೇಗಿ ಸುಮ್ಮನಾದ. ಸೊಸೆ ಹೊತ್ತಿಗೆ ಸರಿಯಾಗಿ ಬಡಿಸುತ್ತಿದ್ದಳು, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಒಂದು ಮಧ್ಯಾಹ್ನ ಟೀಚರಮ್ಮ "ಚೆನ್ನಾಗಿದೆ" ಎಂದರು. ಸೊಸೆ ತಟ್ಟೆ ಎತ್ತಿಕೊಂಡು ಹೋದಳು.

ಮುಂದಿನ ವರ್ಷ ಪ್ರದರ್ಶನದ ದಿನ ಸೊಸೆ ಬೆಳಿಗ್ಗೆಯೇ ಡಬ್ಬ ಹಿಡಿದು ಒಬ್ಬಳೇ ಹೊರಟಳು. ಸಂಜೆ ಖಾಲಿ ಡಬ್ಬ ತಂದು ತೊಳೆದು ಬೋರಲು ಹಾಕಿದಳು. ಗೆದ್ದಳೋ ಸೋತಳೋ ಹೇಳಲಿಲ್ಲ. ಟೀಚರಮ್ಮ ಅಡುಗೆಮನೆಯ ಬಾಗಿಲಲ್ಲಿ ಸುಮಾರು ಹೊತ್ತು ನಿಂತಿದ್ದರು. ಕೇಳುವ ಧೈರ್ಯ ಬಾರದೆ ತಮ್ಮ ಕೋಣೆಗೆ ಹಿಂತಿರುಗಿದರು.