ನಿಧಾನದ ಎಲ್ಕಾನಾ ಥ್ರಾಲ್

ಎಲ್ಕಾನಾ ಥ್ರಾಲ್ ಅವರ ನಡಿಗೆಯನ್ನು ಮೊದಲ ಸಲ ಕಂಡವರು, ಈ ಮನುಷ್ಯ ನೆಲವನ್ನೇ ನಂಬುವುದಿಲ್ಲವೇನೋ ಎಂದುಕೊಳ್ಳುತ್ತಿದ್ದರು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಓಹಾಯೋ ನದಿಯನ್ನು ದಾಟುವವರು ಒಂದೊಂದು ಹೆಜ್ಜೆಯ ಭಾರವನ್ನೂ ಪರೀಕ್ಷಿಸಿ ಇಡುವಂತೆ, ಅವರು ಜುಲೈ ತಿಂಗಳ ಧೂಳಿನ ಬೀದಿಯಲ್ಲೂ ನಡೆಯುತ್ತಿದ್ದರು. ಮೊಣಕೈ ಸವೆದ ಕಂದು ಕೋಟು, ಅದರ ಜೇಬಿನಲ್ಲೊಂದು ಸೇಬು, ಎದುರಿಗೆ ಯಾರೇ ಬರಲಿ ಬಾಯಲ್ಲಿ ಒಂದೇ ಮಾತು: “ನೋಡೋಣ, ಮೊದಲು ಕೂತ್ಕೊಳ್ಳಿ.” ಅವರ ಬ್ಯಾಂಕಿನಲ್ಲಿ ಗುಮಾಸ್ತನಾಗಿ, ಆಮೇಲೆ ವಾಷಿಂಗ್ಟನ್ನಿನಲ್ಲಿ ಕಾರ್ಯದರ್ಶಿಯಾಗಿ, ಆ ಮಾತನ್ನು ನಾನು ಎಷ್ಟು ಸಲ ಕೇಳಿದೆನೋ.

೧೮೭೩ರ ಶರತ್ಕಾಲದಲ್ಲಿ ದೊಡ್ಡ ದೊಡ್ಡ ಬ್ಯಾಂಕುಗಳು ಮುಳುಗಿದ ಸುದ್ದಿ ಬಂದ ಬೆಳಿಗ್ಗೆ, ಇಟ್ಟ ಹಣ ಹಿಂಪಡೆಯಲು ನಮ್ಮ ಬ್ಯಾಂಕಿನ ಬಾಗಿಲ ಮುಂದೆ ಊರಿಗೆ ಊರೇ ನೆರೆದಿತ್ತು. ಥ್ರಾಲ್ ಅವರು ಬೀದಿಯ ಆ ತುದಿಯಲ್ಲಿ ಕಾಣಿಸಿಕೊಂಡರು. ಎಂದಿನ ಗತಿ ಕಿಂಚಿತ್ತೂ ತಪ್ಪಿರಲಿಲ್ಲ.

“ಯಜಮಾನ್ರೇ, ನೀವು ಬಂದು ಬೀಗ ತೆಗೆಯೋದ್ರೊಳಗೆ ನಮ್ಮ ದುಡ್ಡು ಹಣ್ಣಾಗಿ ಉದುರಿಹೋಗುತ್ತೆ,” ಎಂದ ಕಮ್ಮಾರ ಓಬೆಡ್.

“ಬುಟ್ಟಿ ತಂದಿದೀಯೇನಪ್ಪ?” ಎಂದರು ಅವರು.

ಜನ ನಕ್ಕರು. ನಕ್ಕ ಮೇಲೆ ಗಾಬರಿಯನ್ನು ಮುಂದುವರಿಸುವುದು ಕಷ್ಟ. ಮಧ್ಯಾಹ್ನದೊಳಗೆ ಅರ್ಧ ಮಂದಿ ಮನೆಗೆ ಮರಳಿದರು. ಆ ಧೈರ್ಯದ ಖ್ಯಾತಿಯೇ ಮರುವರ್ಷ ಅವರನ್ನು ಗೆಲ್ಲಿಸಿ ವಾಷಿಂಗ್ಟನ್ನಿನ ಶಾಸನಸಭೆಗೆ ಕಳಿಸಿತು. ಅವರ ಪತ್ನಿ ಕೆಜಾಯಾ ಮಾತ್ರ ನನ್ನೊಡನೆ ಅಂದಿದ್ದರು: “ಧೈರ್ಯ ಎಲ್ಲಿ ಬಂತು? ಅವತ್ತು ಅವರ ಕಾಲು ಎಷ್ಟು ನಡುಗ್ತಿತ್ತು ಅಂದ್ರೆ, ಬೂಟಿನ ದಾರ ನಾನೇ ಕಟ್ಟಿದ್ದು. ಬೇಗ ನಡೆದಿದ್ರೆ ಬಿದ್ದೇಬಿಡ್ತಿದ್ರು.”

ಎರಡನೆಯ ವರ್ಷ ಸಭೆಯ ಮುಂದೆ ಒಂದು ಮಸೂದೆ ಬಂತು. ನಮ್ಮೂರ ನದಿದಂಡೆಯನ್ನೆಲ್ಲ ರೈಲ್ವೆ ಕಂಪನಿಯೊಂದಕ್ಕೆ ಬಿಟ್ಟುಕೊಡುವ ಮಸೂದೆ. ಅಲ್ಲಿ ದೋಣಿಯವರೂ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿ ನದಿ ದಾಟಿ ಬಂದ ಕುಟುಂಬಗಳೂ ಮನೆ ಕಟ್ಟಿಕೊಂಡಿದ್ದರು. ಕಂಪನಿಯಾದರೋ ಥ್ರಾಲ್ ಅವರ ಬ್ಯಾಂಕಿನ ಅತಿ ದೊಡ್ಡ ಗಿರಾಕಿ. ಆದರೂ ಅವರು ವಿರೋಧಿಸಲು ನಿಶ್ಚಯಿಸಿದರು. ಮತದಾನದ ಹಿಂದಿನ ದಿನ ಊರಿನಿಂದ ತಂತಿ ಬಂತು: ಕೆಜಾಯಾಗೆ ವಿಷಮಜ್ವರ, ಕೂಡಲೇ ಹೊರಡಿ.

“ಸಂಜೆ ರೈಲಿದೆ, ಸಾರ್,” ಎಂದೆ.

ಅವರು ಜೇಬಿನಿಂದ ಸೇಬು ತೆಗೆದು, ಸಿಪ್ಪೆ ಎಲ್ಲೂ ಕಡಿಯದಂತೆ ಹೆರೆದು, ತಿನ್ನದೆ ಮೇಜಿನ ಮೇಲಿಟ್ಟರು. “ನಾನು ಹೋದ್ರೆ ಆ ಮನೆಗಳು ಉಳಿಯಲ್ಲ. ನಾಳೆ ಹೊರಡೋಣ.”

ಮಸೂದೆ ಬಿತ್ತು. ಬಿದ್ದ ಅಂತರವನ್ನು ನೋಡಿದರೆ, ಅವರೊಬ್ಬರು ಇಲ್ಲದಿದ್ದರೂ ಬೀಳುತ್ತಿತ್ತು.

ನಾವು ಊರು ಸೇರುವಾಗ ಜ್ವರ ಇಳಿದಿತ್ತು. ಜ್ವರದ ತಾಪಕ್ಕೆಂದು ಕೂದಲು ಕತ್ತರಿಸಿದ್ದ ಕೆಜಾಯಾ ದಿಂಬಿಗೊರಗಿ ಕೂತಿದ್ದರು.

“ಗೆದ್ರಾ?”

“ಗೆದ್ವಿ.”

“ತಂತಿ ಬಂದಾಗ ಕಾಲು ನಡುಗ್ತಾ?”

ಸುಳ್ಳು ಹೇಳಬಹುದಿತ್ತು, ಆ ವಿದ್ಯೆ ಅವರಿಗೆ ಬಾರದು. “ಇಲ್ಲ,” ಎಂದರು. ಆಕೆ ಗೋಡೆಯ ಕಡೆ ಹೊರಳಿಕೊಂಡರು.

ಕಂಪನಿ ತನ್ನ ಹಣವನ್ನು ಬೇರೆ ಕಡೆ ಒಯ್ದಿತು, ಬ್ಯಾಂಕು ಸೊರಗಿತು, ಅದಕ್ಕವರು ಮರುಗಲಿಲ್ಲ. ಮುಂದಿನ ಚುನಾವಣೆಗೆ ನಿಲ್ಲಿರೆಂದು ದೋಣಿಯವರು ಗುಂಪಾಗಿ ಬಂದು ಬೇಡಿಕೊಂಡಾಗ, “ಮನೇಲಿ ಕೆಲಸ ಇದೆ,” ಎಂದು ಕಳಿಸಿಬಿಟ್ಟರು. ಆ ಕೆಲಸವನ್ನು ನಾನು ಕಣ್ಣಾರೆ ಕಂಡಿದ್ದೇನೆ: ಸಂಜೆಯ ಹೊತ್ತು ಹೆಂಡತಿಯ ಎದುರು ಕೂತು, ಆಕೆ ಮಾತಾಡಲೆಂದು ಕಾಯುವುದು. ಕೆಲವು ಸಂಜೆ ಆಕೆ ಮಾತಾಡುತ್ತಿದ್ದರು.

ನೂರಾರು ಜನ ಒರಗಿಕೊಳ್ಳುವ ಇಂಥ ಸ್ಥಿರಚಿತ್ತರು ಪ್ರತಿ ಸೀಮೆಯಲ್ಲೂ ಒಬ್ಬಿಬ್ಬರು ಇರುತ್ತಾರೆ. ಆ ಸ್ಥೈರ್ಯ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ; ಅವರ ಅಂಜಿಕೆಯನ್ನು ಬಲ್ಲ ಯಾರೋ ಒಬ್ಬರು ದಿನವೂ ಕೊಟ್ಟು ಕಳಿಸಿದ್ದು. ಊರು ಹೊಗಳುವಾಗ ಆ ಒಬ್ಬರ ಹೆಸರು ಬರುವುದಿಲ್ಲ, ಬರಲೆಂದು ಆ ಜೀವ ಬಯಸುವುದೂ ಇಲ್ಲ. ಬಯಸುವುದು ಇಷ್ಟೇ, ತನಗೆ ಆಪತ್ತಿನ ಸರದಿ ಬಂದಾಗ ತನಗಾಗಿ ಇವರೂ ಸ್ವಲ್ಪ ಹೆದರಲಿ ಎಂದು.